ಉಸಿರಿದ್ದವರ ಗಾಡಿ

ಸೇವೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ ಅಂದರು. ಆಂಬುಲೆನ್ಸ್ ಓಡಿಸಲು ಹೊಸದಾಗಿ ಸೇರಿದವರು ಓದುತ್ತಾರಂತೆ, ಅವರಿಗೆ ಹುರುಪು ಬರಬೇಕಂತೆ. ನನಗೆ ಒಳ್ಳೆಯ ಮಾತು ಬರುವುದಿಲ್ಲ. ಆ ಕೆಲಸ ನೆನೆಸಿಕೊಂಡರೆ ಇವತ್ತಿಗೂ ಮೊದಲು ಬರುವುದು ಸಿಟ್ಟು. ಅದನ್ನೇ ಬರೆಯುತ್ತೇನೆ, ಬೇಕಾದವರು ಓದಲಿ.

ಈಗ ಫೋನು ಮಾಡಿದರೆ ಗಾಡಿ ಮನೆ ಬಾಗಿಲಿಗೆ ಬರುತ್ತದೆ. ಒಳಗೆ ಆಕ್ಸಿಜನ್ನು, ಸಲೈನು, ಕಲಿತ ಹುಡುಗಿಯರು. ದೊಡ್ಡ ಊರುಗಳಲ್ಲಿ ಹೆಲಿಕಾಪ್ಟರಿನಲ್ಲೂ ರೋಗಿಗಳನ್ನು ಒಯ್ಯುತ್ತಾರಂತೆ. ಒಯ್ಯಲಿ, ಸಂತೋಷ. ಐವತ್ತರ ದಶಕದ ಕೊನೆಗೆ ಹಳಿಯಾಳ ಸೀಮೆಯ ಒಂದು ದವಾಖಾನೆಗೆ ನಾನು ಡ್ರೈವರನಾಗಿ ಸೇರಿದಾಗ ನನ್ನ ಕೈಗೆ ಕೊಟ್ಟದ್ದು ಮಿಲಿಟರಿಯವರು ಬೇಡವೆಂದು ಮಾರಿದ ಹಳೇ ವ್ಯಾನು. ಮುಂದುಗಡೆ ಹ್ಯಾಂಡಲ್ ಹಾಕಿ ತಿರುವಬೇಕು. ಅದು ತಿರುಗಿ ಒದ್ದರೆ ಮಣಿಕಟ್ಟು ಮುರಿಯುವುದು ಗ್ಯಾರಂಟಿ. ಹಾರ್ನು ಯಾವತ್ತೋ ಸತ್ತಿತ್ತು. ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಹುಸೇನ್‌ಸಾಬ್ ನನ್ನ ಪಕ್ಕದಲ್ಲಿ ಕೂತು ಕೈಯಿಂದ ಗಂಟೆ ಬಾರಿಸುತ್ತಿದ್ದ. ಆ ಗಂಟೆಗೆ ಎಮ್ಮೆ ಕೂಡ ದಾರಿ ಬಿಡುತ್ತಿರಲಿಲ್ಲ.

ದಾಂಡೇಲಿ, ಜೊಯಿಡಾ ಎಲ್ಲ ನಮಗೇ. ಕ್ಯಾಸಲ್‌ರಾಕ್ ಕಡೆಯವರು ತಮ್ಮ ರೋಗಿಯನ್ನು ರೈಲಿನಲ್ಲಿ ಸಾಗಿಸುತ್ತಿದ್ದರು. ಜೊಯಿಡಾದ ಒಳಹಳ್ಳಿಗಳಿಗೆ ರೈಲೂ ಇಲ್ಲ, ರಸ್ತೆಯೂ ಇಲ್ಲ. ಕಂಬಳಿಯನ್ನು ಬಿದಿರಿನ ಗಳಕ್ಕೆ ಜೋಲಿ ಕಟ್ಟಿ, ರೋಗಿಯನ್ನು ಅದರಲ್ಲಿ ಹಾಕಿ, ಹೆಗಲು ಬದಲಿಸುತ್ತ ಡಾಂಬರು ರಸ್ತೆಗೆ ತಂದು ಕಾಯುತ್ತಿದ್ದರು. ನಾವು ಹೋದಾಗ ಒಮ್ಮೊಮ್ಮೆ ರೋಗಿ ಎದ್ದು ಕೂತು ಎಲೆ ಅಡಿಕೆ ಹಾಕುತ್ತಿರುತ್ತಿದ್ದ, ಹೊತ್ತುಕೊಂಡು ಬಂದವನು ಜ್ವರ ಬಂದು ಮಲಗಿರುತ್ತಿದ್ದ. ಇಬ್ಬರನ್ನೂ ಹಾಕಿಕೊಂಡು ಬರುತ್ತಿದ್ದೆವು. ಇಂಥದ್ದಕ್ಕೆಲ್ಲ ನನಗೆ ಸಿಟ್ಟಿಲ್ಲ. ಬಡತನಕ್ಕೆ ಯಾರೇನು ಮಾಡಲಿ?

ನನ್ನ ಸಿಟ್ಟು ಬೇರೆ. ನಮ್ಮ ವ್ಯಾನನ್ನು ಜನ ಕರೆಯುತ್ತಿದ್ದದ್ದು ‘ಹೆಣದ ಗಾಡಿ’ ಅಂತ.

ಕರೆಯದೆ ಏನು ಮಾಡುತ್ತಾರೆ? ಕಾಳಿ ನದಿಯಲ್ಲಿ ಮುಳುಗಿದವರು, ಕಾಡಿನಲ್ಲಿ ಉರುಲು ಹಾಕಿಕೊಂಡವರು, ನಾಟಾ ಹೇರುವಾಗ ದಿಮ್ಮಿಯ ಕೆಳಗೆ ಸಿಕ್ಕವರು, ಎಲ್ಲರ ಹೆಣವೂ ಪೋಸ್ಟ್‌ಮಾರ್ಟಮ್‌ಗೆ ನಮ್ಮ ವ್ಯಾನಿನಲ್ಲೇ ಬರಬೇಕು. ಅದು ಪೊಲೀಸರ ಕೆಲಸ. ಅವರಿಗೆ ಜೀಪೂ ಇತ್ತು. ಆದರೆ ಆಗಿನ ಫೌಜದಾರ, ಯಾವ ಠಾಣೆಯವನು ಎಂದು ಬರೆಯುವುದಿಲ್ಲ, ಜೀಪು ಬಂದೋಬಸ್ತಿಗೆ ಇದೆ ಅನ್ನುತ್ತಿದ್ದ. ಯಾವ ಬಂದೋಬಸ್ತು? ಹೊಸ ಜಾಗಕ್ಕೆ ಬಂದ ಸಾಹೇಬರಿಗೆಲ್ಲ ಕಾಡು ತೋರಿಸುವ ಬಂದೋಬಸ್ತು. ಬಂದೂಕು ಹಿಂದಿನ ಸೀಟಿನಲ್ಲಿ, ಊಟದ ಡಬ್ಬಿ ಮುಂದಿನ ಸೀಟಿನಲ್ಲಿ. ನಮ್ಮ ಮೇಲಿನವರಿಗೆ ಹೇಳಿದೆ, ಅರ್ಜಿಯ ಮೇಲೆ ಅರ್ಜಿ ಬರೆದೆ. ‘ಇಬ್ಬರೂ ಸರ್ಕಾರವೇ ಅಲ್ಲವೇನಯ್ಯಾ, ಹೊಂದಿಕೊಂಡು ಹೋಗು’ ಅಂದರು. ಹೊಂದಿಕೊಂಡು ಹೋಗು ಅಂದರೆ ಕೆಳಗಿನವನು ಬಾಯಿ ಮುಚ್ಚಿಕೊಂಡಿರು ಅಂತ ಅರ್ಥ, ತಿಳಿದಿರಲಿ.

ಬೆಳಿಗ್ಗೆ ಹೆಣ ಇಳಿಸಿ, ಫಿನೈಲು ಹಾಕಿ ತೊಳೆದು, ಮಧ್ಯಾಹ್ನ ಅದೇ ಗಾಡಿ ಬಾಣಂತಿಯ ಮನೆ ಮುಂದೆ ನಿಲ್ಲಿಸಿದರೆ ಯಾರು ಹತ್ತುತ್ತಾರೆ? ನಾವು ಬರುವುದು ಕಂಡರೆ ಹೆಂಗಸರು ಮಕ್ಕಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಮುಂದೆ ನನ್ನನ್ನು ಮುಂಡಗೋಡಕ್ಕೆ ವರ್ಗ ಮಾಡಿ ಒಗೆದ ಮೇಲೆ, ಆಗಷ್ಟೇ ಬಂದಿದ್ದ ಟಿಬೆಟನ್ ಕಾಲೊನಿಯ ಒಬ್ಬ ಮುದುಕಿಯನ್ನು ಕರೆತರಲು ಹೋಗಿದ್ದೆ. ಆಕೆಗೆ ಕನ್ನಡವಿಲ್ಲ, ದವಾಖಾನೆ ಗಾಡಿಗೆ ಜನ ಇಟ್ಟ ಹೆಸರೂ ಗೊತ್ತಿಲ್ಲ. ಬಂದವಳೇ ಕುದುರೆಯ ಕುತ್ತಿಗೆ ತಟ್ಟುವಂತೆ ಬಾನೆಟ್ಟನ್ನು ತಟ್ಟಿ, ತಾನೇ ಹತ್ತಿ ಕೂತಳು. ನೌಕರಿಗೆ ಸೇರಿ ಅಷ್ಟು ವರ್ಷಕ್ಕೆ ಅಂಜದೆ ಹತ್ತಿದ ಮೊದಲ ರೋಗಿ ಆಕೆ. ನನ್ನ ಕಣ್ಣು ತುಂಬಿ ಬಂದವು, ಸುಳ್ಳು ಯಾಕೆ ಹೇಳಲಿ.

ಗಾಡಿಯದು ಹೀಗಾದರೆ, ರೋಗಿಯನ್ನು ಗಾಡಿಯವರೆಗೆ ತರುವುದು ಇನ್ನೊಂದು ಫಜೀತಿ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂಡಿಸಿ, ಹಣೆಗೆ ವಿಭೂತಿ ಬಳಿದು, ತಲೆ ವಾಲದಂತೆ ವಸ್ತ್ರ ಕಟ್ಟಿ, ಮಾಲೆ ಹಾಕಿ, ಕೂತಂತೆಯೇ ಹೊತ್ತುಕೊಂಡು ಹೋಗಿ ಮಣ್ಣು ಕೊಡುತ್ತೇವೆ. ಉಳಿದವರು ಬಿದಿರಿನ ಚಟ್ಟದ ಮೇಲೆ ಮಲಗಿಸಿ ಒಯ್ಯುತ್ತಾರೆ. ದವಾಖಾನೆಯ ಸ್ಟ್ರೆಚರ್ ಅಂದರೆ ಎರಡು ಗಳ, ನಡುವೆ ಕ್ಯಾನ್ವಾಸು, ಅಂದರೆ ಚಟ್ಟವೇ. ಕುರ್ಚಿಯಲ್ಲಿ ಕೂಡಿಸಿ ನಾಲ್ವರು ಎತ್ತಿದರೆ ನಮ್ಮವರ ಕಣ್ಣಿಗೆ ಅದು ಮಣ್ಣಿಗೆ ಹೊರಟ ಹಾಗೆ. ಹೀಗಾಗಿ ನಾನೂ ಹುಸೇನ್‌ಸಾಬನೂ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಲಿಂಗಾಯತರ ಮನೆಯಾದರೆ ಸ್ಟ್ರೆಚರು, ಉಳಿದವರ ಮನೆಯಾದರೆ ಕುರ್ಚಿ. ಯಾವ ಕಾಯಿಲೆ ಅನ್ನುವುದಕ್ಕಿಂತ ಮೊದಲು ಯಾವ ಓಣಿ ಅಂತ ಕೇಳುತ್ತಿದ್ದೆವು.

ಆಮೇಲೆ ಹೊಸ ಡಾಕ್ಟರು ಬಂದರು. ಕರಾವಳಿಯವರು, ಚಿಕ್ಕ ವಯಸ್ಸು, ಕೆಲಸದಲ್ಲಿ ಚೊಕ್ಕ. ನಮ್ಮ ಪದ್ಧತಿ ನೋಡಿ ಕೆಂಡವಾದರು. ದಮ್ಮು ಹತ್ತಿದವರನ್ನು ಮಲಗಿಸಿ ತರುತ್ತೀರಾ, ಉಸಿರು ಕಟ್ಟಿ ಸಾಯಲಿಕ್ಕೇ ತರುತ್ತೀರಾ ಅಂದರು. ಅವರು ಹೇಳಿದ್ದು ಖರೆ. ಮರುವಾರವೇ ಪೇಟೆ ಓಣಿಯ ವೀರಪ್ಪಜ್ಜನಿಗೆ ದಮ್ಮು ಜೋರಾಯಿತು. ಡಾಕ್ಟರೇ ಮುಂದೆ ನಿಂತು ಅಜ್ಜನನ್ನು ಕುರ್ಚಿಯಲ್ಲಿ ಕೂಡಿಸಿದರು. ಅಜ್ಜನ ಹಣೆಯ ಮೇಲೆ ವಿಭೂತಿ ದಿನವೂ ಇರುವುದೇ. ಚಳಿಗಾಳಿ ಬಡಿಯಬಾರದೆಂದು ಹುಸೇನ್‌ಸಾಬ್ ಪ್ರೀತಿಯಿಂದ ಶಾಲು ಸುತ್ತಿ ಗದ್ದದ ಕೆಳಗೆ ಗಂಟು ಹಾಕಿದ. ಇನ್ನೇನು ಬೇಕು? ನಾಲ್ವರು ಎತ್ತಿ ಓಣಿಯಲ್ಲಿ ಹೊರಟರೆ ಅಂಗಡಿಯವರೆಲ್ಲ ಚಪ್ಪಲಿ ಬಿಟ್ಟು ಕೆಳಗಿಳಿದು ಕೈ ಮುಗಿದರು. ಒಬ್ಬಳು ಓಡಿ ಬಂದು ಚೆಂಡು ಹೂವಿನ ಮಾಲೆ ಹಾಕಿಯೇ ಬಿಟ್ಟಳು. ಅಜ್ಜ ಶಾಲು ಕಿತ್ತೊಗೆದು, ಇದ್ದಷ್ಟು ಉಸಿರು ಒಟ್ಟುಗೂಡಿಸಿ ಒದರಿದ:

“ಲೇ ಮಂಗ್ಯಾನ ಮಕ್ಕಳ್ರಾ, ನಾ ಇನ್ನೂ ಸತ್ತಿಲ್ಲೋ!”

ಕುರ್ಚಿಯಿಂದ ಧುಮುಕಿ ಮನೆಗೆ ನಡೆದೇ ಹೋದ. ಮತ್ತೆ ದವಾಖಾನೆಯ ಕಡೆ ತಲೆ ಹಾಕಲಿಲ್ಲ. ಆಮೇಲೂ ಬಹಳ ವರ್ಷ ಬದುಕಿದ, ಕಂಡಾಗಲೆಲ್ಲ ನನಗೆ ಬೈದ. ನಗುವ ಮಾತೇ. ಆದರೆ ಆ ಸುದ್ದಿ ಹಳ್ಳಿಹಳ್ಳಿಗೆ ಹೋಯಿತು. ಮೊದಲೇ ಹೆಣದ ಗಾಡಿ, ಈಗ ಅದರೊಳಗೆ ಹೆಣದ ಹಾಗೆ ಕೂಡಿಸಿಯೂ ಒಯ್ಯುತ್ತಾರೆ ಅಂತಾಯಿತು.

ಗಂಗವ್ವನ ಪ್ರಕರಣ ಬಂದದ್ದು ಇದರ ಬೆನ್ನಿಗೇ.

ದಾಂಡೇಲಿ ರಸ್ತೆ ಬಿಟ್ಟು ಒಳಗಿದ್ದ ಒಂದು ಹಳ್ಳಿ, ಲಿಂಗಾಯತರ ಮನೆ. ಗಂಗವ್ವ ಇಪ್ಪತ್ತರ ಆಸುಪಾಸಿನ ಸೊಸೆ, ಬಸುರಿ. ಗಂಡ ದಾಂಡೇಲಿಯಲ್ಲಿ ಕೆಲಸಕ್ಕಿದ್ದ, ಮನೆಯಲ್ಲಿ ಅತ್ತೆ ನಿಂಗವ್ವ. ಕಾಲು ಬಾತು ಹಂಡೆಯ ಹಾಗಾಗಿದ್ದವು, ತುಟಿ ಕಪ್ಪಿಟ್ಟಿತ್ತು. ಗೋಡೆಗೆ ಆತು ಕೂತು ಒಂದೊಂದು ಉಸಿರನ್ನೂ ಎಳೆದೆಳೆದು ತೆಗೆಯುತ್ತಿದ್ದಳು. ಕರೆಯಲು ಬಂದವರ ಮಾತು ಕೇಳಿ, ನಾವು ಹೊರಡುವಾಗಲೇ ಡಾಕ್ಟರು ನನಗೆ ಕಟ್ಟುನಿಟ್ಟಾಗಿ ಹೇಳಿದ್ದರು: “ಬಸಣ್ಣ, ಹೃದಯದ ತೊಂದರೆ ಅಂತ ಕಾಣ್ತದೆ. ಕೂರಿಸಿಕೊಂಡೇ ಬಾ. ಮಲಗಿಸಿದರೆ ದಾರಿಯಲ್ಲೇ ಹೋಗ್ತಾಳೆ.”

ನಿಂಗವ್ವ ಬಾಗಿಲಿಗೆ ಅಡ್ಡ ನಿಂತಳು.

“ನನ್ನ ಸೊಸೀನ ಹೆಣದ ಗಾಡ್ಯಾಗ ಹಾಕೂದಿಲ್ಲ. ಅದರಾಗ ಮತ್ತ ಕುರ್ಚ್ಯಾಗ ಕೂಡಸ್ತೇನಿ ಅಂತೀ? ಪ್ಯಾಟ್ಯಾಗ ಆ ಅಜ್ಜಗ ಮಾಡಿದ್ದು ನಮಗ ಗೊತ್ತಿಲ್ಲೇನು?”

“ಯವ್ವಾ, ಮಲಗಿಸಿದ್ರ ಜೀವಕ್ಕ ಧೋಕಾ ಐತಿ.”

“ನೀನೂ ನಮ್ಮವನ ಅದಿ. ಜೀವ ಇದ್ದಾಕಿನ್ನ ಹಂಗ ಕೂಡಿಸಿ ಊರಾಗ ಹೊತ್ತಾಡ್ತಾರೇನೋ, ನಿನಗ ಬುದ್ಧಿ ಐತಿಲ್ಲೋ?”

ನನಗೆ ತಲೆ ಕೆಟ್ಟಿತು. ಸಿಟ್ಟು ನಿಂಗವ್ವನ ಮೇಲಲ್ಲ. ಆಕೆ ಕಂಡದ್ದನ್ನೇ ಆಡುತ್ತಿದ್ದಳು. ಈ ಗಾಡಿಗೆ ಈ ಹೆಸರು ತಂದಿಟ್ಟವರ ಮೇಲೆ. ಆದರೆ ಅವರು ಅಲ್ಲಿರಲಿಲ್ಲವಲ್ಲ, ಹಾಗಾಗಿ ನಿಂಗವ್ವನಿಗೇ ಬಾಯಿಗೆ ಬಂದಂತೆ ಬೈದೆ. ಆಕೆಯೂ ಬೈದಳು. ಅಷ್ಟರಲ್ಲಿ ಗಂಗವ್ವ ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದಳು.

“ಅತ್ತೀ... ಒಂದ ಬಸಿ ಚಹಾ ಕೊಡು. ನಾ ಕುಡಕೋತ ಹೋಗ್ತೇನಿ. ಸತ್ತವರು... ಚಹಾ ಕುಡೀತಾರೇನು?”

ನಿಂಗವ್ವ ಒಳಗೆ ಹೋಗಿ ಬಸಿಯಲ್ಲಿ, ಅಂದರೆ ಸಾಸರಿನಲ್ಲಿ, ಚಹಾ ತಂದಳು. ಗಂಗವ್ವ ಕುರ್ಚಿಯಲ್ಲಿ ಕೂತು, ಬಸಿಯನ್ನು ಎದೆಯ ಹತ್ತಿರ ಹಿಡಿದುಕೊಂಡು ಹೊರಟಳು. ಓಣಿಯ ಹೆಂಗಸರು ಹೊರಗೆ ಬಂದರು. ಒಬ್ಬೊಬ್ಬರ ಮುಂದೆ ಬಂದಾಗಲೂ ಆಕೆ ಬಸಿಯನ್ನು ತುಟಿಗೆ ತಾಗಿಸುತ್ತಿದ್ದಳು. ಒಳಗೆ ಹೋದದ್ದು ಎಷ್ಟೋ, ಸೀರೆಗೆ ಚೆಲ್ಲಿದ್ದು ಎಷ್ಟೋ.

“ಎಲ್ಲಿಗಿ ಹೊಂಟೀ ಗಂಗಾ?” ಅಂದಳು ಒಬ್ಬಳು.

“ದವಾಖಾನಿಗಿ... ಬರ್ತೇನಿ ತಡಿ,” ಅಂದಳು ಇವಳು.

ಇಂಥ ಹುಡುಗಿಯನ್ನು ಸಾಯಲು ಬಿಡಬಾರದು ಅಂತ ನಾನು ಗಾಡಿ ಬಿಟ್ಟೆ. ಹಿಂದೆ ನಿಂಗವ್ವ ಸೊಸೆಯ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು.

ದೊಡ್ಡ ರಸ್ತೆಗೆ ಬಂದು ಸ್ವಲ್ಪ ದೂರ ಹೋದರೆ ನಾಟಾ ಹೇರುವ ಜಾಗ. ಅಲ್ಲಿ ಒಬ್ಬ ಪೊಲೀಸ್ ಪೇದೆ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದ. ಮರದ ಕೆಳಗೆ ಕಂಬಳಿ ಹೊದಿಸಿದ ಹೆಣ. ಹಿಂದಿನ ದಿನ ಲಾರಿಗೆ ದಿಮ್ಮಿ ಏರಿಸುವಾಗ ಅದು ಉರುಳಿ ಒಬ್ಬ ಹಮಾಲ ಸತ್ತಿದ್ದ. ಪಂಚನಾಮೆ ಆಗಲೇ ಮುಗಿದಿತ್ತು, ಪೋಸ್ಟ್‌ಮಾರ್ಟಮ್‌ಗೆ ಒಯ್ಯುವುದೊಂದೇ ಬಾಕಿ. ಪಕ್ಕದಲ್ಲಿ ಅವನ ಹೆಂಡತಿ ಹನುಮವ್ವ, ಮತ್ತೆ ಅವನ ಜೊತೆ ಹೊರುತ್ತಿದ್ದ ಹಮಾಲರು ಹಿಂದಿನ ದಿನದಿಂದ ಹಾಗೇ ಕೂತಿದ್ದರು.

“ಫೌಜದಾರ ಸಾಹೇಬರ ಹುಕುಂ ಐತಿ,” ಅಂದ ಪೇದೆ. “ದವಾಖಾನಿ ಗಾಡಿ ಈ ಕಡೆ ಬಂತಂದ್ರ ಹಾಕಿ ಕಳಸು ಅಂದಾರ. ಒಳಗ ಪೇಶಂಟ್ ಇದ್ರ ಇರ್ಲಿ, ಬಾಜೂಕ ಜಾಗಾ ಐತಲ್ಲ. ಒಂದ ಟ್ರಿಪ್ಪಿನ್ಯಾಗ ಎರಡೂ ಆಗತಾವು, ಪೆಟ್ರೋಲೂ ಉಳೀತೈತಿ.”

ಪೆಟ್ರೋಲು ಉಳಿಯುತ್ತದಂತೆ! ಹಿಂದೆ ನಿಂಗವ್ವನಿಗೆ ಮಾತು ಕೇಳಿಸಿತ್ತು. “ಇಳಿ ಗಂಗಾ, ಇಳಿ, ಇಳಿ” ಅಂತ ಆಕೆ ಸೊಸೆಯ ರಟ್ಟೆ ಹಿಡಿದು ಎಳೆಯತೊಡಗಿದಳು. ಒಮ್ಮೆ ಇಳಿದರೆ ಆಕೆಯನ್ನು ಮತ್ತೆ ಹತ್ತಿಸುವುದು ನನ್ನ ಅಪ್ಪನಿಂದಲೂ ಆಗುತ್ತಿರಲಿಲ್ಲ.

“ಸರೀ ಬಾಜೂಕ. ಇಲ್ಲಾಂದ್ರ ಮ್ಯಾಲ ಹಾಯಿಸಿಕೊಂಡ ಹೋಗ್ತೇನಿ ನೋಡು,” ಅಂದೆ ಪೇದೆಗೆ.

“ನನ್ನ ನೌಕರಿ ಹೋಕೈತಿ ಬಸಣ್ಣ,” ಅಂತ ಅವನು ಬಾನೆಟ್ಟು ಹಿಡಿದುಕೊಂಡು ನಿಂತ.

ಆಗ ಹನುಮವ್ವ ಎದ್ದು ಬಂದಳು. ಅತ್ತು ಅತ್ತು ಮುಖ ಬಾತಿತ್ತು. ಗಾಡಿಯ ಹಿಂದೆ ಹೋಗಿ ಒಳಗೆ ಇಣುಕಿದಳು. ಗಂಗವ್ವನನ್ನು ನೋಡಿದಳು, ಬಸಿ ನೋಡಿದಳು, ಹೊಟ್ಟೆ ನೋಡಿದಳು.

“ಎಷ್ಟ ತಿಂಗಳವ್ವಾ?”

“ಎಂಟು,” ಅಂದಳು ಗಂಗವ್ವ.

ಹನುಮವ್ವ ಮುಂದೆ ಬಂದು ಪೇದೆಯ ತೋಳು ಹಿಡಿದು ರಸ್ತೆಯಿಂದ ಆಚೆ ಎಳೆದಳು.

“ಬಿಡೋ ಯಪ್ಪಾ ಗಾಡಿ. ನನ್ನ ಗಂಡಗ ಇನ್ನೇನ ಅವಸರ ಐತಿ?”

“ಇವರನ್ನ ಇಳಿಸಿ ಬರ್ತೇನಿ ಯಕ್ಕಾ, ನಿನ್ನ ಗಂಡನ್ನ ಹಿಂಗ ಬಿಡೂದಿಲ್ಲ,” ಅಂದು ಹೊರಟೆ.

ದವಾಖಾನೆಯಲ್ಲಿ ಡಾಕ್ಟರು ಕಾಯುತ್ತಿದ್ದರು. ಗಂಗವ್ವನಿಗೆ ಸೂಜಿ, ಆಕ್ಸಿಜನ್ನು ಎಲ್ಲ ಆಯಿತು. ಆಕೆಯ ತುಟಿ ಕೆಂಪಾಗುವ ತನಕ ನಾನು ಬಾಗಿಲಲ್ಲೇ ನಿಂತೆ. ಬದುಕಿದಳು. ಕೂಸೂ ಬದುಕಿತು. ನಿಂಗವ್ವ ಮಾತ್ರ ನನ್ನನ್ನು ಹೊರಗೆ ಕರೆದು, “ಇವತ್ತ ಮತ್ತ ಆ ಹೆಣಾ ಇದರಾಗ ತಂದ್ರ ನಮ್ಮೂರಾಗಿನ ಒಂದ ನರಪಿಳ್ಳೆನೂ ಇದನ್ನ ಹತ್ತೂದಿಲ್ಲ, ನೋಡ್ಕೋ,” ಅಂದಳು.

ಹ್ಯಾಂಡಲ್ ತಿರುವಿ ಮತ್ತೆ ಹೊರಟೆ. ದಾರಿಯುದ್ದಕ್ಕೂ ನಾನೂ ಹುಸೇನ್‌ಸಾಬನೂ ಜಗಳಾಡಿದೆವು. “ಸಂಜಿ ಒಳಗ ಊರೂರಿಗೆ ಗೊತ್ತಾಕೈತಿ, ಗಂಗವ್ವ ಕೂತ ಜಾಗಾದಾಗ ಹೆಣಾ ಬಂತಂತ. ನಾಳಿಂದ ಯಾರನ್ನ ಕರಕೊಂಡ ಬರ್ತೀ?” ಅಂತ ಅವನು. “ಆ ಹೆಣ್ಮಗಳಿಗೆ ಮಾತ ಕೊಟ್ಟೇನಿ, ಏನ ಮಾಡ್ಲಿ?” ಅಂತ ನಾನು. ಆತನದೂ ಸರಿ, ನನ್ನದೂ ಸರಿ. ಇಬ್ಬರು ಬಡವರು ಹೀಗೆ ಕಚ್ಚಾಡುವ ಪರಿಸ್ಥಿತಿ ತಂದಿಟ್ಟವನು ಆರಾಮಾಗಿ ಕಾಡು ಸುತ್ತುತ್ತಿದ್ದ. ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಹೋಗಿ ನೋಡಿದರೆ ಜೀಪು ಅಲ್ಲೇ ನಿಂತಿತ್ತು. ಕಾಡಿನಿಂದ ಬಂದಿತ್ತು. ಹಿಂದೆ ಒಂದು ಕಾಡುಹಂದಿ, ಹೋರಿಕರುವಿನಷ್ಟು ದೊಡ್ಡದು. ರಕ್ತ ಹಲಗೆಯಿಂದ ರಸ್ತೆಗೆ ತೊಟ್ಟಿಕ್ಕುತ್ತಿತ್ತು. ಫೌಜದಾರ ಕೆಳಗಿಳಿದು, ಹೆಣ ಇನ್ನೂ ಯಾಕೆ ಇಲ್ಲೇ ಇದೆ ಅಂತ ಪೇದೆಯ ಮೇಲೆ ಕೂಗಾಡುತ್ತಿದ್ದ. ಹನುಮವ್ವ ಅವನೆದುರು ನಿಂತಿದ್ದಳು.

“ಸಾಹೇಬ್ರ, ಹಂದಿಗಿ ಜಾಗಾ ಐತಿ. ನನ್ನ ಗಂಡಗ ಇಲ್ಲೇನ್ರಿ?”

“ಏ, ಸರ್ಕಾರಿ ಜೀಪ್ ಹೊಲಸ ಮಾಡಬೇಕಂತೀಯೇನು?” ಅಂದ ಫೌಜದಾರ. ರಕ್ತ ಅವನ ಬೂಟಿನ ಹತ್ತಿರವೇ ಬೀಳುತ್ತಿತ್ತು, ಅವನಿಗೆ ನಾಚಿಕೆಯೂ ಆಗಲಿಲ್ಲ. ನನ್ನನ್ನು ಕಂಡು, “ಅಕಾ ಬಂತ ನೋಡು ಹೆಣದ ಗಾಡಿ, ಅದರಾಗ ಹಾಕ್ಕೊಂಡ ಹೋಗ್ರಿ,” ಅಂದ.

“ಹೆಣದ ಗಾಡಿ ಅಲ್ರಿ ಇದು,” ಅಂದೆ. “ಉಸಿರಿದ್ದವರ ಗಾಡಿ.”

“ಬಾಳ ಮಾತಾಡ್ತಿ. ನಿಮ್ಮ ಮ್ಯಾಲಿನವರಿಗೆ ಹೇಳ್ಳೇನು?”

“ಹೇಳ್ರಿ. ಜೀಪ್ನ್ಯಾಗ ಏನಿತ್ತಂತ ನಾನೂ ಹೇಳ್ತೇನಿ.”

ಆಮೇಲೆ ಹನುಮವ್ವನ ಕಡೆ ತಿರುಗಿದೆ. “ಯಕ್ಕಾ, ಮಾತು ಮಾತೇ. ನೀ ಹೂಂ ಅಂದ್ರ ಇವನ ಮಾರಿ ನೋಡದ ಹಾಕ್ಕೊಂಡ ಹೋಗ್ತೇನಿ.”

ಆಕೆ ನನ್ನ ಗಾಡಿ ನೋಡಿದಳು. ಹಿಂದಿನ ಬಾಗಿಲು ತೆರೆದೇ ಇತ್ತು, ಒಳಗೆ ಚಹಾ ಚೆಲ್ಲಿದ ಕಲೆ ಒಣಗುತ್ತಿತ್ತು.

“ಬ್ಯಾಡ,” ಅಂದಳು. “ಬಸರಿ ಕೂತ ಜಾಗಾ ಅದು.” ಹಮಾಲರ ಕಡೆ ಕೈ ಮಾಡಿ, “ಎತ್ರೋ,” ಅಂದಳು.

ಹಮಾಲರು ಎದ್ದರು. ದಿಮ್ಮಿ ಎತ್ತುವಾಗ ಹಾಕುವ ಕೂಗನ್ನೇ ಹಾಕಿ, ಹಂದಿಯನ್ನು ಜೀಪಿನಿಂದ ಎತ್ತಿ ರಸ್ತೆಯ ಅಂಚಿಗೆ ಇಟ್ಟರು. ಫೌಜದಾರ ಬೈದ, ಬೆಲ್ಟಿಗೆ ಕೈ ಹಾಕಿದ, ಪೇದೆಯನ್ನು ಕರೆದ. ಪೇದೆ ಮರದ ಕಡೆ ಮುಖ ಮಾಡಿ ನಿಂತುಬಿಟ್ಟ. ಹಮಾಲರು ತಮ್ಮ ಗೆಳೆಯನನ್ನು ಮಾತ್ರ ಸದ್ದಿಲ್ಲದೆ, ಮಗುವನ್ನು ಎತ್ತಿದ ಹಾಗೆ ಎತ್ತಿ ಜೀಪಿನಲ್ಲಿ ಮಲಗಿಸಿದರು. ಹನುಮವ್ವ ಹತ್ತಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಹೊಡಿ ತಮ್ಮಾ ಗಾಡಿ,” ಅಂದಳು ಜೀಪಿನ ಡ್ರೈವರನಿಗೆ.

ಅವನು ಸಾಹೇಬನ ಮುಖ ನೋಡಿದ, ಆಕೆಯ ಮುಖ ನೋಡಿದ. “ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ,” ಅಂದು ಗೇರು ಹಾಕಿದ.

ಇದರ ಪೆಟ್ಟು ಯಾರಿಗೆ ಬಿತ್ತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗುತ್ತಿಗೆದಾರ ಆ ಹಮಾಲರನ್ನು ಕೆಲಸದಿಂದ ಬಿಡಿಸಿದ. ಜೀಪಿನ ಡ್ರೈವರನನ್ನು ಘಟ್ಟದ ಕೆಳಗೆ ವರ್ಗ ಮಾಡಿದರು. ನನಗೆ ಮುಂಡಗೋಡ. ಫೌಜದಾರನಿಗೆ ಏನೂ ಆಗಲಿಲ್ಲ, ಏನು ಆದೀತು? ಆದರೆ ನಾನು ಆ ದವಾಖಾನೆ ಬಿಡುವ ತನಕ ಒಂದು ಹೆಣವೂ ನಮ್ಮ ವ್ಯಾನು ಹತ್ತಲಿಲ್ಲ. ಎಲ್ಲಿ ಹೆಣ ಬಿದ್ದರೂ ಜನವೇ ಜೀಪು ತಡೆದು ನಿಲ್ಲಿಸುತ್ತಿದ್ದರು. ನನ್ನ ಅರ್ಜಿಗಳಿಂದ ಆಗದ್ದು ಆ ಹೆಂಗಸಿನ ಒಂದು ಮಾತಿನಿಂದ ಆಯಿತು. ಆಕೆಗೆ ಇದರಿಂದ ಬಂದ ಭಾಗ್ಯವಾದರೂ ಏನು? ಗಂಡ ತಿರುಗಿ ಬಂದನೇ? ಅದಕ್ಕೇ ಹೇಳುವುದು, ನನ್ನ ಸಿಟ್ಟು ಇಳಿಯುವ ಸಿಟ್ಟಲ್ಲ.

ಆ ದಿನ ಜೀಪು ತಿರುವಿನಲ್ಲಿ ಮರೆಯಾಯಿತು. ಹಮಾಲರು ಅದರ ಹಿಂದೆ ನಡೆದು ಹೋದರು. ರಸ್ತೆಯಲ್ಲಿ ಉಳಿದವರು ನಾನು, ಹುಸೇನ್‌ಸಾಬ್, ಪೇದೆ, ಫೌಜದಾರ, ಹಂದಿ. ಬಿಸಿಲು ನೆತ್ತಿಯ ಮೇಲಿತ್ತು. ನೊಣ ಮುತ್ತತೊಡಗಿದ್ದವು. ಫೌಜದಾರ ರಸ್ತೆಯ ಆ ತುದಿ ನೋಡಿದ, ಈ ತುದಿ ನೋಡಿದ. ಆಮೇಲೆ ಪೇದೆಗೆ, “ಇದನ್ನ ಕಾಯಕೋತ ನಿಂದ್ರು,” ಅಂದ. ಬಂದು ನನ್ನ ಗಾಡಿಯ ಬಾಗಿಲಿಗೆ ಕೈ ಹಾಕಿದ. ದನಿ ಮೆತ್ತಗಾಗಿತ್ತು.

“ಬಸಣ್ಣ, ಹಳಿಯಾಳತನಕ ಬಿಡು.”

ನಾನು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದೆ.

“ಏನ ಜಡ್ಡ ಐತ್ರಿ ಸಾಹೇಬ್ರ?”

“ಜಡ್ಡ? ನನಗ್ಯಾಕ ಜಡ್ಡ? ಗಟ್ಟಿಮುಟ್ಟ ಅದೇನಿ.”

“ಹಂಗಾರ ನಡದ ಬರ್ರಿ,” ಅಂದೆ.

ಹುಸೇನ್‌ಸಾಬ್ ಗಂಟೆ ಬಾರಿಸಿದ. ನಾವು ಹೊರಟೆವು.